ನಾಲ್ಕು ಕೊಂಬು ಐತೆ ಮಿಸ್

ಶನಿವಾರ ನಮ್ಮದು ಬೆಳಗಿನ ಶಾಲೆ. ಕೊನೆಯ ಪಿರಿಯಡ್ಡಿನ ಹೊತ್ತಿಗೆ ಮಕ್ಕಳ ಮನಸ್ಸು ಅರ್ಧ ಮನೆ ಸೇರಿರುತ್ತೆ, ಇನ್ನರ್ಧ ಗೋಲಿ ಆಟದಲ್ಲಿರುತ್ತೆ. 2008ರಲ್ಲಿ ಜಗಳೂರು ತಾಲ್ಲೂಕಿನ ಒಂದು ಹಳ್ಳಿ ಶಾಲೆಗೆ ಹೊಸದಾಗಿ ಸೇರಿದ್ದೆ. ಆ ನಲವತ್ತು ನಿಮಿಷ ಪಾಠ ಮಾಡಿದರೆ ಯಾರ ತಲೆಗೂ ಹತ್ತುವುದಿಲ್ಲ ಅಂತ ಗೊತ್ತಾದ ಮೇಲೆ ದಾವಣಗೆರೆಯಿಂದ ಒಂದು ಬಣ್ಣದ ಪ್ರಾಣಿಗಳ ಪುಸ್ತಕ ತಂದು, ವಾರಕ್ಕೊಂದು ವಿಚಿತ್ರ ಪ್ರಾಣಿಯ ವಿಷಯ ಹೇಳೋಕೆ ಶುರು ಮಾಡಿದೆ.

ಅವತ್ತು ಪ್ಲಾಟಿಪಸ್ಸಿನ ಸರದಿ. ಆಸ್ಟ್ರೇಲಿಯಾದ ಹೊಳೆಗಳಲ್ಲಿರುವ ಪ್ರಾಣಿ. ಬಾತುಕೋಳಿಯ ಕೊಕ್ಕು, ನೀರುನಾಯಿಯ ಮೈ, ದೋಸೆ ಮಗುಚುವ ಕೈಯಂಥ ಚಪ್ಪಟೆ ಬಾಲ. ಮೊಟ್ಟೆ ಇಡುತ್ತೆ, ಆದರೆ ಮರಿಗೆ ಹಾಲೂ ಕೊಡುತ್ತೆ. ಮೊಲೆತೊಟ್ಟೇ ಇಲ್ಲ, ಹೊಟ್ಟೆಯ ಚರ್ಮದಿಂದ ಹಾಲು ಜಿನುಗುತ್ತೆ, ಮರಿಗಳು ಕೂದಲನ್ನು ನೆಕ್ಕಿ ಕುಡಿಯುತ್ತವೆ. ಗಂಡಿನ ಹಿಂಗಾಲಲ್ಲಿ ವಿಷದ ಮುಳ್ಳು. ನೀರೊಳಗೆ ಮುಳುಗಿದಾಗ ಕಣ್ಣು, ಕಿವಿ, ಮೂಗು ಮೂರನ್ನೂ ಮುಚ್ಚಿಕೊಂಡು, ಸಿಗಡಿ ಹುಳಗಳ ಮೈಯಿಂದ ಹೊರಡುವ ಸಣ್ಣ ವಿದ್ಯುತ್ತನ್ನು ಕೊಕ್ಕಿನಿಂದಲೇ ಹಿಡಿದು ಬೇಟೆಯಾಡುತ್ತೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಕಿಟಕಿ ಪಕ್ಕ ಕೂತ ಐದನೇ ಕ್ಲಾಸಿನ ಹುಡುಗ ಎದ್ದು ನಿಂತ.

"ನಮ್ ಅಡವಿಯಾಗೂ ಹಂಗದೊಂದು ಐತೆ ಮಿಸ್. ನಾಕು ಕೊಂಬಿನ ಕುರಿ. ನಮ್ಮಜ್ಜ ನೋಡೈತೆ."

ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ನಾನು ನಗಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದೆ. "ಕುರಿಗಾಗಲಿ ಜಿಂಕೆಗಾಗಲಿ ಎರಡೇ ಕೊಂಬು ಕಣೋ. ಕಥೆ ಕಟ್ಟಬೇಡ, ಕೂತ್ಕೋ" ಅಂದೆ. ಅವನು ಕೂತ. "ನಾಲ್ಕು ಐತೆ ಮಿಸ್" ಅಂತ ಇನ್ನೊಂದು ಸಲ ಮೆಲ್ಲಗೆ ಅಂದ, ನನಗೆ ಕೇಳಿಸಲಿ ಅಂತಲ್ಲ, ತನಗೇ ಹೇಳಿಕೊಂಡ ಹಾಗೆ. ಆ ವರ್ಷವಿಡೀ ಶನಿವಾರದ ಕ್ಲಾಸಿನಲ್ಲಿ ಅವನು ಬಾಯಿ ಬಿಡಲಿಲ್ಲ.

ಮೊಟ್ಟೆಯಿಡುವ, ಹಾಲು ಕೊಡುವ, ವಿಷದ ಮುಳ್ಳಿರುವ ಪ್ರಾಣಿಯನ್ನು ನಾನು ಪುಸ್ತಕದಲ್ಲಿ ಓದಿ ಅರೆಕ್ಷಣವೂ ಅನುಮಾನಿಸಲಿಲ್ಲ. ಶಾಲೆಯ ಹಿಂದಿನ ಗುಡ್ಡದಲ್ಲಿರುವ ಪ್ರಾಣಿಯನ್ನು ಮಗುವಿನ ಬಾಯಲ್ಲಿ ಕೇಳಿ ಸುಳ್ಳು ಅಂದುಬಿಟ್ಟೆ. ಹದಿನೇಳು ವರ್ಷವಾಯಿತು, ಆ ಮೆಲುದನಿ ಇನ್ನೂ ಕಿವಿಯಲ್ಲಿದೆ.

2011ರಲ್ಲಿ ಪೇಪರಿನಲ್ಲಿ ಸುದ್ದಿ ಬಂತು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಅರಣ್ಯವನ್ನು ಕೊಂಡುಕುರಿ ವನ್ಯಧಾಮ ಅಂತ ಘೋಷಿಸಿದ್ದರು. ಸುಮಾರು 77 ಚದರ ಕಿಲೋಮೀಟರ್ ಕುರುಚಲು ಕಾಡು. ಪಕ್ಕದಲ್ಲಿ ಫೋಟೋ. ಜಿಂಕೆಗಿಂತ ಗಿಡ್ಡ, ಕಂದು ಮೈ, ಎರಡು ಕಿವಿಗಳ ನಡುವೆ ಎರಡು ನೆಟ್ಟನೆ ಕೊಂಬು, ಅದರ ಮುಂದೆ ಹಣೆಯ ಮೇಲೆ ಇನ್ನೆರಡು ಮೊಟಕು ಕೊಂಬು. ದಾವಣಗೆರೆ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಎಣಿಸಿದೆ. ನಾಲ್ಕು.

ಆಮೇಲೆ ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಕೊಂಡುಕುರಿ ಕುರಿಯೂ ಅಲ್ಲ, ಜಿಂಕೆಯೂ ಅಲ್ಲ. ಜಿಂಕೆಗಳ ಕೊಂಬು ಕವಲೊಡೆಯುತ್ತೆ, ಕಾಲಕ್ಕೆ ಸರಿಯಾಗಿ ಉದುರಿ ಮತ್ತೆ ಹುಟ್ಟುತ್ತೆ. ಕೊಂಡುಕುರಿಯದು ದನದ ಕೊಂಬಿನ ಹಾಗೆ, ಒಳಗೆ ಎಲುಬು, ಮೇಲೆ ಉಗುರಿನಂಥ ಗಟ್ಟಿ ಹೊದಿಕೆ. ಬಂದರೆ ಸಾಯುವವರೆಗೂ ಇರುತ್ತೆ. ಹತ್ತಿರದ ನೆಂಟ ಅಂದರೆ ಉತ್ತರದ ಕಡೆಯ ನೀಲ್‌ಗಾಯ್. ಇಡೀ ಭೂಮಿಯ ಮೇಲೆ ನಾಲ್ಕು ಕೊಂಬಿನ ಕಾಡುಪ್ರಾಣಿ ಇದೊಂದೇ, ಮತ್ತು ಇರೋದು ಭಾರತ, ನೇಪಾಳದಲ್ಲಿ ಮಾತ್ರ. ತೂಕ ಇಪ್ಪತ್ತು ಕೆಜಿ ಆಸುಪಾಸು, ಎತ್ತರ ಎರಡು ಅಡಿ. ಆಫ್ರಿಕಾದ ಜಿರಾಫೆ ನಮ್ಮ ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ನಡೆದುಕೊಂಡು ಹೋಗುವಷ್ಟು ಹತ್ತಿರದಲ್ಲಿ ಇದಿದೆ ಅನ್ನೋದು ಮಾತ್ರ ಅವರ ಟೀಚರಿಗೂ ಗೊತ್ತಿರಲಿಲ್ಲ.

ಪೇಪರು ಮಡಚಿಕೊಂಡು ಹುಡುಗನ ಮನೆಗೆ ಹೋದೆ. ಅವನಾಗಲೇ ಏಳನೇ ಕ್ಲಾಸು ಮುಗಿಸಿ ಹೈಸ್ಕೂಲಿಗೆ ಸೇರಿದ್ದ. ಅಜ್ಜ ಹಟ್ಟಿ ಮುಂದೆ ಕಲ್ಲಿನ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. "ಕುಂತ್ಕಳವ್ವ" ಅಂತ ಕಂಬಳಿ ಹಾಸಿದರು. ಫೋಟೋ ತೋರಿಸಿದೆ. ಕಣ್ಣಿಗೆ ತೀರಾ ಹತ್ತಿರ ಹಿಡಿದು ನೋಡಿದರು.

"ಇದು ಗಂಡು. ಹೆಣ್ಣಿಗೆ ಕೊಂಬೇ ಇರಲ್ಲ ಕಣವ್ವ."

ಅದು ಸರಿ. ಗಂಡಿಗೆ ಮಾತ್ರ ಕೊಂಬು ಅಂತ ನಾನೂ ಓದಿದ್ದೆ. ಅವರು ಮುಂದುವರಿಸಿದರು. ಹಿಂದಿನ ಜೋಡಿ ಮೊದಲು ಬರುತ್ತೆ, ಮುಂದಿನದು ಮರಿಗೆ ವರ್ಷ ಕಳೆದ ಮೇಲೆ. ಕೆಲವಕ್ಕೆ ಮುಂದಿನದು ಬರೀ ಗಂಟಿನಷ್ಟೇ. ಗುಂಪು ಕಟ್ಟಲ್ಲ, ಒಂಟಿ ಇಲ್ಲಾ ಜೋಡಿ. ನೀರು ಬಿಟ್ಟು ದೂರ ಹೋಗಲ್ಲ. "ಇನ್ನೊಂದೈತೆ ನೋಡು. ನಮ್ ಕುರಿ ಎಲ್ಲಿ ನಿಂತ್ರೆ ಅಲ್ಲೇ ಹಿಕ್ಕೆ ಹಾಕ್ತಾವೆ. ಇದು ಹಂಗಲ್ಲ. ದಿನಾ ಒಂದೇ ಜಾಗಕ್ಕೆ ಬಂದು ಹಾಕ್ತೈತೆ. ಗುಡ್ಡೆ ನೋಡೇ ನಾವು ಹೇಳ್ತೀವಿ, ಇಲ್ಲಿ ಐತೆ ಅಂತ." ಪ್ರಾಣಿ ತಜ್ಞರ ಬರಹಗಳಲ್ಲಿ ಈ ಮಾತು ನನಗೆ ಸಿಕ್ಕಿದ್ದು ಅದಾಗಿ ಎಷ್ಟೋ ದಿನದ ಮೇಲೆ. ಕಾಡಿನಲ್ಲಿ ಕೊಂಡುಕುರಿ ಎಷ್ಟಿವೆ ಅಂತ ಅಂದಾಜು ಮಾಡೋಕೆ ಅವರೂ ನೋಡೋದು ಆ ಹಿಕ್ಕೆ ಗುಡ್ಡೆಗಳನ್ನೇ.

ಹುಡುಗ ಬಾಗಿಲ ಸಂದಿಯಲ್ಲಿ ನಿಂತಿದ್ದ. "ಅವತ್ತು ನೀನು ಹೇಳಿದ್ದು ನಿಜ. ನೋಡದೇ ಸುಳ್ಳು ಅಂದೆ, ತಪ್ಪಾಯ್ತು ಕಣೋ" ಅಂದೆ. "ಇರ್ಲಿ ಬಿಡ್ರಿ ಮಿಸ್" ಅಂತ ಹೇಳಿ ಮರಿ ಕಟ್ಟೋಕೆ ಹೋದ. ಅವನ ಕಿವಿ ಕೆಂಪಗಾಗಿತ್ತು.

ಪ್ಲಾಟಿಪಸ್ಸಿನ ಕಥೆಯ ಇನ್ನೊಂದು ಭಾಗವನ್ನು ಈಗ ನಾನು ಎಲ್ಲಾ ಬ್ಯಾಚಿನ ಮಕ್ಕಳಿಗೂ ಹೇಳುತ್ತೇನೆ. 1799ರಲ್ಲಿ ಲಂಡನ್ನಿನ ಜಾರ್ಜ್ ಶಾ ಅನ್ನುವ ಪ್ರಾಣಿಶಾಸ್ತ್ರಜ್ಞನ ಮೇಜಿಗೆ ಅದರ ಒಣಗಿದ ಚರ್ಮ ಬಂತು. ಆ ಕಾಲದಲ್ಲಿ ಕೋತಿಯ ಮೈಗೆ ಮೀನಿನ ಬಾಲ ಹೊಲಿದು ಮತ್ಸ್ಯಕನ್ಯೆ ಅಂತ ನಾವಿಕರಿಗೆ ಮಾರುವವರಿದ್ದರು. ಇದೂ ಅಂಥದ್ದೇ ಮೋಸ ಇರಬೇಕು ಅಂತ ಅವನಿಗೆ ಅನುಮಾನ. ಕೊಕ್ಕು ಮೈಗೆ ಸೇರುವ ಜಾಗದಲ್ಲಿ ಕತ್ತರಿ ಹಾಕಿ ಹೊಲಿಗೆ ಹುಡುಕಿದ ಅಂತ ಹೇಳುತ್ತಾರೆ. ಹೊಲಿಗೆ ಸಿಗಲಿಲ್ಲ. ನನ್ನ ಕಣ್ಣನ್ನೇ ನಂಬೋಕಾಗ್ತಿಲ್ಲ ಅನ್ನುವ ಅರ್ಥದಲ್ಲಿ ಬರೆದು, ಆದರೂ ಪ್ರಾಣಿಗೆ ಒಂದು ಹೆಸರು ಕೊಟ್ಟ. ಅನುಮಾನ ಪಟ್ಟಿದ್ದಕ್ಕೆ ನಾನು ಅವನನ್ನು ತಪ್ಪು ಅನ್ನಲ್ಲ. ಅವನು ಕತ್ತರಿ ತೆಗೆದುಕೊಂಡು ನೋಡಿದ. ನಾನು ಗುಡ್ಡದ ಕಡೆ ತಿರುಗಿಯೂ ನೋಡಿರಲಿಲ್ಲ.

ಇದೇ ಶಾ ಅದಕ್ಕೆ ಎಂಟು ವರ್ಷ ಮೊದಲು, 1791ರಲ್ಲಿ, ನಮ್ಮ ಕರಡಿಯ ವಿಷಯದಲ್ಲಿ ಎಡವಿದ್ದ. ಉದ್ದನೆಯ ಉಗುರು, ಮೇಲಿನ ಸಾಲಿನ ನಡುವೆ ಎರಡು ಹಲ್ಲು ಇಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಕೊಂಬೆಗೆ ತಲೆಕೆಳಗಾಗಿ ನೇತಾಡಿಕೊಂಡಿರುವ ಸ್ಲಾತ್ ಅನ್ನುವ ನಿಧಾನದ ಪ್ರಾಣಿಯ ಜಾತಿಗೆ ಇದನ್ನು ಸೇರಿಸಿಬಿಟ್ಟ. ಇಂಗ್ಲಿಷಿನಲ್ಲಿ ನಮ್ಮ ಕರಡಿಯನ್ನು ಇವತ್ತಿಗೂ ಸ್ಲಾತ್ ಬೇರ್ ಅಂತಲೇ ಕರೆಯುತ್ತಾರೆ. ಜಗಳೂರು, ಮೊಳಕಾಲ್ಮೂರು ಕಡೆಯ ಯಾರನ್ನಾದರೂ ಕೇಳಿ, ಕರಡಿ ಎಷ್ಟು ನಿಧಾನ ಅಂತ. ರಾತ್ರಿ ಶೇಂಗಾ ಹೊಲ ಕಾಯೋಕೆ ಹೋಗಿ ಅದರ ಎದುರು ಸಿಕ್ಕಿಕೊಂಡವರು ಉತ್ತರ ಹೇಳುತ್ತಾರೆ.

ಆ ಇಲ್ಲದ ಎರಡು ಹಲ್ಲುಗಳದ್ದೇ ಚಂದದ ಸಂಗತಿ. ಕರಡಿ ಹುತ್ತವನ್ನು ಉಗುರಿನಿಂದ ಕೆದರಿ, ಮೊದಲು ಉಫ್ ಅಂತ ಊದಿ ಮಣ್ಣು ಹಾರಿಸುತ್ತೆ. ಆಮೇಲೆ ಮೂಗಿನ ಹೊಳ್ಳೆ ಮುಚ್ಚಿಕೊಂಡು, ತುಟಿಯನ್ನು ಕೊಳವೆ ಮಾಡಿ, ಆ ಹಲ್ಲಿನ ಸಂದಿಯಿಂದ ಗೆದ್ದಲನ್ನು ಸೊರ್ರನೆ ಎಳೆದುಕೊಳ್ಳುತ್ತೆ. ಆ ಸದ್ದು ನೂರು ಮೀಟರಿಗೂ ಆಚೆ ಕೇಳಿಸುತ್ತೆ. ಮುಂದಿನ ಹಾಲುಹಲ್ಲು ಬಿದ್ದ ಎರಡನೇ ಕ್ಲಾಸಿನ ಮಕ್ಕಳಿಗೆ ಇದನ್ನು ಹೇಳಿ ನೋಡಬೇಕು ನೀವು. ಮಧ್ಯಾಹ್ನದ ಬಿಸಿಯೂಟದ ಸಾರು ಅವತ್ತು ಕುಡಿಯೋದೇ ಬೇರೆ ಥರ.

ಇನ್ನು ಡೈನೋಸಾರು. ಈ ಮಕ್ಕಳಿಗೆ ಅದರ ಹುಚ್ಚು ಹೇಗೆ ಹತ್ತುತ್ತೋ, ಟಿವಿ ಇಲ್ಲದ ಮನೆಯ ಮಗುವಿಗೂ ಗೊತ್ತಿರುತ್ತೆ. ಒಂದು ವರ್ಷ ಚಿತ್ರದುರ್ಗದ ಕೋಟೆಗೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಎಲ್ಲರೂ ಒಬ್ಬೊಬ್ಬರಾಗಿ ಒನಕೆ ಓಬವ್ವನ ಕಿಂಡಿಯಲ್ಲಿ ನುಸುಳಿ ಬಂದಾಯಿತು. ಮೇಲೆ ಬಂಡೆಗಳ ನಡುವೆ ಕೂತು ಬುತ್ತಿ ಬಿಚ್ಚುವಾಗ ಒಬ್ಬ ಕೇಳಿದ: "ಇಷ್ಟು ದೊಡ್ ಬಂಡೆ ಐತಲ್ಲ ಮಿಸ್, ಇದರ ಕೆಳಗೆ ಡೈನೋಸಾರ್ ಎಲುಬು ಇರ್ತಾವಾ?"

ಇರಲ್ಲ. ಆದರೆ ಯಾಕೆ ಇರಲ್ಲ ಅನ್ನೋದು ಎಲುಬು ಸಿಕ್ಕುವುದಕ್ಕಿಂತ ದೊಡ್ಡ ಸಂಗತಿ. ಎಲುಬು ಕಲ್ಲಾಗಿ ಉಳಿಯಬೇಕಾದರೆ ಕೆಸರಿನಲ್ಲೋ ಮರಳಿನಲ್ಲೋ ಹೂತು, ಅದರ ಮೇಲೆ ಪದರದ ಮೇಲೆ ಪದರ ಬೀಳಬೇಕು. ಕೋಟೆಯ ಬಂಡೆ ಗ್ರಾನೈಟು. ಭೂಮಿಯ ಆಳದಲ್ಲಿ ಕಾದ ಕಲ್ಲಿನ ರಸ ಮೆಲ್ಲಗೆ ಆರಿ ಗಟ್ಟಿಯಾದದ್ದು. ಅದರೊಳಗೆ ಯಾವ ಜೀವಿಯೂ ಹೂತುಕೊಳ್ಳಲು ಸಾಧ್ಯವಿಲ್ಲ. ಅದು ಗಟ್ಟಿಯಾದಾಗ ಭೂಮಿಯ ಮೇಲೆ ಎಲುಬಿರುವ ಪ್ರಾಣಿಯೇ ಹುಟ್ಟಿರಲಿಲ್ಲ.

ಬರುವಾಗ ಹಿರಿಯೂರಿನ ಕಡೆ ಒಂದಿಷ್ಟು ದೂರ ಹೋಗಿ ಮರಡಿಹಳ್ಳಿ ತೋರಿಸಿದೆವು. ಅಲ್ಲಿನ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸುಮ್ಮನೆ ನೋಡಿದರೆ ಹತ್ತಿ ಅಂಡಿಗೆಗಳನ್ನು ಒಟ್ಟಿ ಮರೆತು ಹೋದ ಹಾಗಿದೆ. ಅವು ದಿಂಬು ಲಾವಾ. ಸಮುದ್ರದ ತಳದಲ್ಲಿ ಲಾವಾ ಉಕ್ಕಿದಾಗ ತಣ್ಣೀರು ತಗುಲಿ ಹೊರಮೈ ತಟ್ಟನೆ ಗಟ್ಟಿಯಾಗುತ್ತೆ, ಒಳಗಿನದು ಇನ್ನೂ ಕುದಿಯುತ್ತಾ ಉಬ್ಬುತ್ತೆ. ಹೀಗೆ ಒಂದರ ಮೇಲೊಂದು ದಿಂಬು. ಕೆಳಗಿನ ಎರಡು ದಿಂಬುಗಳ ಸಂದಿಗೆ ಮೇಲಿನದು ಮೆತ್ತಗೆ ಇಳಿದು ಕೂತಿರುತ್ತೆ, ಅದನ್ನು ನೋಡಿ ಆವತ್ತು ಯಾವುದು ಮೇಲಿತ್ತು ಯಾವುದು ಕೆಳಗಿತ್ತು ಅಂತ ಭೂವಿಜ್ಞಾನಿಗಳು ಹೇಳುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಬರಗಾಲದ ನಾಡು ಅಂತ ಹುಟ್ಟಿದಾಗಿನಿಂದ ಕೇಳಿಸಿಕೊಂಡ ಮಕ್ಕಳು ಒಂದು ಕಾಲದ ಸಮುದ್ರದ ತಳದ ಮೇಲೆ ನಿಂತಿದ್ದರು. ಒಬ್ಬಳು ಬಗ್ಗಿ ಕಲ್ಲಿಗೆ ಕೈಯಿಟ್ಟು, "ಈಗ ಬಿಸಿ ಇರೋದು ಬಿಸಿಲಿಗೆ ತಾನೆ ಮಿಸ್?" ಅಂತ ಕೇಳಿ ಖಾತ್ರಿ ಮಾಡಿಕೊಂಡಳು.

250 ಕೋಟಿ ಅಂದರೆ ಎಷ್ಟು? ಬೋರ್ಡಿನ ಮೇಲೆ ಸೊನ್ನೆ ಬರೆದರೆ ಅದು ಸೊನ್ನೆಯಾಗಿಯೇ ಉಳಿಯುತ್ತೆ. ಸಾಲದ್ದಕ್ಕೆ ನಮ್ಮ ಶಾಲೆಯ ಗೋಡೆಯಲ್ಲಿ ಒಂದು ಚಾರ್ಟು ಇತ್ತು, ಅಂಗಡಿಯಿಂದ ತಂದಿದ್ದು. ಅದರಲ್ಲಿ ಡೈನೋಸಾರು, ಕೂದಲಾನೆ (ಮ್ಯಾಮತ್), ಈಟಿ ಹಿಡಿದ ಗುಹೆಯ ಮನುಷ್ಯ ಎಲ್ಲರೂ ಒಂದೇ ಬಯಲಿನಲ್ಲಿ! ಚಾರ್ಟು ಇಳಿಸಿ, ಸೋಮವಾರ ಹಗ್ಗಜಗ್ಗಾಟದ ಹಗ್ಗ ತೆಗೆಸಿದೆ.

ಮೀಟರ್ ಕೋಲಿನಲ್ಲಿ 25 ಮೀಟರ್ ಅಳೆದೆವು. ಒಂದು ಮೀಟರಿಗೆ ಹತ್ತು ಕೋಟಿ ವರ್ಷ. ಒಂದು ತುದಿ ಆಫೀಸು ರೂಮಿನ ಮೆಟ್ಟಿಲ ಹತ್ತಿರ, ಅದು ಇವತ್ತು. ಇನ್ನೊಂದು ತುದಿ ಧ್ವಜಕಂಬ ದಾಟಿ ಬೇಲಿ ಹತ್ತಿರ, ಅದು ಮರಡಿಹಳ್ಳಿ. ಊರಿನ ಟೈಲರ್ ಹತ್ತಿರ ಇಸಿದುಕೊಂಡ ಬಟ್ಟೆ ಚೂರುಗಳನ್ನು ಕಟ್ಟುತ್ತಾ ಹೋದೆವು. ಆರನೇ ಕ್ಲಾಸಿನ ಒಬ್ಬ ಹುಡುಗಿ ಮರಡಿಹಳ್ಳಿ ತುದಿ ಹಿಡಿದುಕೊಂಡಳು. ಡೈನೋಸಾರ್ ಹಿಡಿಯೋಕೆ ಹುಡುಗರಲ್ಲಿ ಜಗಳ. ಅವರು ಹಗ್ಗದ ನಡುವೆ ಎಲ್ಲೋ ನಿಲ್ಲಬೇಕು ಅಂದುಕೊಂಡಿದ್ದರು. ಅಲ್ಲಲ್ಲ, ಇಲ್ಲಿ ಬನ್ನಿ ಅಂತ ಮೆಟ್ಟಿಲ ಹತ್ತಿರಕ್ಕೆ ಕರೆದೆ. ಇವತ್ತಿನಿಂದ 2 ಮೀಟರ್ 30 ಸೆಂಟಿಮೀಟರಿಗೆ ಡೈನೋಸಾರ್ ಹುಟ್ಟಿದ್ದು. 66 ಸೆಂಟಿಮೀಟರಿಗೆ ಮುಗಿದದ್ದು. ಅಷ್ಟರಲ್ಲೇ ಎಲ್ಲಾ ರಾಕ್ಷಸಾಕಾರದವು ಬಂದು ಹೋದವು.

"ನನ್ ಹತ್ರ ಯಾರೂ ಇಲ್ಲ ಮಿಸ್!" ಬೇಲಿ ಕಡೆಯಿಂದ ಹುಡುಗಿ ಕೂಗಿದಳು.

ನಿಜಕ್ಕೂ ಯಾರೂ ಇರಲಿಲ್ಲ. ಕಣ್ಣು, ಕಾಲು, ಚಿಪ್ಪು ಇರುವ ಪ್ರಾಣಿಗಳು ತುಂಬಿಕೊಳ್ಳೋದು 5 ಮೀಟರ್ 40ರ ಆಸುಪಾಸಿಗೆ. ಅದರಾಚೆ ಸುಮಾರು ಇಪ್ಪತ್ತು ಮೀಟರಿನ ಹೆಚ್ಚಿನ ಪಾಲು ಬರಿಗಣ್ಣಿಗೆ ಕಾಣದ ಜೀವಿಗಳದ್ದು. ಅವನ್ನು ತಾತ್ಸಾರ ಮಾಡಬಾರದು ಅಂತ ನಾನು ಅವಳ ಹತ್ತಿರ ಹೋಗಿ ನಿಂತೇ ಹೇಳಿದೆ. ಚಿತ್ರದುರ್ಗದ ಶಿಲಾಪಟ್ಟಿಯ ಹಳೆಯ ಸುಣ್ಣಕಲ್ಲುಗಳಲ್ಲಿ ಸ್ಟ್ರೊಮಾಟೊಲೈಟ್ ಅನ್ನುವ ರಚನೆಗಳಿವೆ. ಈರುಳ್ಳಿಯನ್ನು ಕೊಯ್ದಾಗ ಕಾಣುವ ಹಾಗೆ ಪದರದ ಮೇಲೆ ಪದರ. ಸೂಕ್ಷ್ಮಜೀವಿಗಳು ಲೋಳೆಯ ಹಾಸಿನ ಮೇಲೆ ಹಾಸು ಕಟ್ಟುತ್ತಾ ಬಿಟ್ಟುಹೋದ ಗುರುತು ಅದು. ಅಂಥ ಜೀವಿಗಳೇ ಬಿಸಿಲು ತಿಂದು ಆಮ್ಲಜನಕ ಬಿಟ್ಟು ಗಾಳಿಯನ್ನು ನಾವು ಉಸಿರಾಡುವ ಹಾಗೆ ಮಾಡಿದವು. ನಮ್ಮ ಜಿಲ್ಲೆಗಳ ಪ್ರಾಗೈತಿಹಾಸಿಕ ಪ್ರಾಣಿ ಯಾವುದು ಅಂದರೆ ನಾನು ಇವನ್ನೇ ತೋರಿಸೋದು, ಪ್ರಾಣಿ ಅನ್ನಲು ಬರದಿದ್ದರೂ. ಹುಡುಗಿ ತನ್ನ ತುದಿಗೆ ಹಸಿರು ಬಟ್ಟೆ ಕಟ್ಟಿಸಿಕೊಂಡಳು.

ಮೆಟ್ಟಿಲ ಕಡೆ ಮಾತ್ರ ಜಾತ್ರೆ. ನಾಲ್ಕೂವರೆ ಮೀಟರಿನ ಹತ್ತಿರ ಕುದುರೆಲಾಳದ ಆಕಾರದ ಏಡಿ. ಅದರ ಕುಲದವು ಆಗಿನಿಂದ ಹೆಚ್ಚು ಬದಲಾಗದೆ ಒಡಿಶಾದ ಕಡಲ ದಂಡೆಗೆ ಇವತ್ತಿಗೂ ಬಂದು ಮೊಟ್ಟೆಯಿಡುತ್ತವೆ. ರಕ್ತ ನೀಲಿ, ಯಾಕೆಂದರೆ ನಮ್ಮ ರಕ್ತದಲ್ಲಿ ಕಬ್ಬಿಣವಿರುವ ಕಡೆ ಅದರದರಲ್ಲಿ ತಾಮ್ರ. ನಾಲ್ಕು ಮೀಟರಿಗೆ ಸೀಲಕಾಂತ್ ಮೀನು. ಈ ಮೀನಿನ ಮುಂದೆ ನಾನು ಯಾವಾಗಲೂ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಡೈನೋಸಾರುಗಳ ಜತೆಗೇ ಅಳಿಯಿತು ಅಂತ ವಿಜ್ಞಾನಿಗಳು ನಂಬಿದ್ದರು. 1938ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಒಂದು ಮೀನಿನ ದೋಣಿಯ ರಾಶಿಯಲ್ಲಿ ಅದನ್ನು ಗುರುತಿಸಿದ್ದು ಮಾರ್ಜರಿ ಕೋರ್ಟ್ನಿ-ಲ್ಯಾಟಿಮರ್ ಅನ್ನುವ ಚಿಕ್ಕ ಮ್ಯೂಸಿಯಮ್ಮಿನ ಯುವತಿ. ಎರಡನೆಯದು ಸಿಗೋಕೆ 14 ವರ್ಷ ಹಿಡಿಯಿತು, 1952ರಲ್ಲಿ, ಕೊಮೊರೊಸ್ ದ್ವೀಪಗಳಲ್ಲಿ. ಅಲ್ಲಿನ ಮೀನುಗಾರರಿಗೆ ಅದೇನೂ ಹೊಸದಾಗಿರಲಿಲ್ಲ. ಅವರ ಭಾಷೆಯಲ್ಲಿ ಅದಕ್ಕೆ ಹೆಸರೇ ಇತ್ತು, ಗೊಂಬೆಸ್ಸಾ. ಆಗೊಮ್ಮೆ ಈಗೊಮ್ಮೆ ಗಾಳಕ್ಕೆ ಬೀಳುತ್ತಿತ್ತು, ತಿನ್ನೋಕೆ ಅಷ್ಟು ಚೆನ್ನಾಗಿಲ್ಲ ಅಂತಲೂ ಗೊತ್ತಿತ್ತು. ಇದನ್ನು ಓದಿದ ದಿನ ನನಗೆ ಕಂಬಳಿಯ ಮೇಲೆ ಕೂತಿದ್ದ ಅಜ್ಜ ನೆನಪಾದರು.

ಡೈನೋಸಾರಿನ ಬಟ್ಟೆ ಹಿಡಿದವರಿಗೆ ನಮ್ಮ ದೇಶದವನ್ನೇ ಹೇಳಿದೆ. ಗೋದಾವರಿ ಕಣಿವೆಯಲ್ಲಿ ಸಿಕ್ಕಿದ ಬಾರಾಪಾಸಾರಸ್ ಟಾಗೋರಿ. ಬಂಗಾಳಿಯಲ್ಲಿ ಬಾರಾ ಪಾ ಅಂದರೆ ದೊಡ್ಡ ಕಾಲು, ಟಾಗೋರಿ ಅನ್ನೋದು ರವೀಂದ್ರನಾಥ ಠಾಕೂರರ ನೆನಪಿಗೆ. ಅದರ ಅಸ್ಥಿಪಂಜರ ಕೋಲ್ಕತ್ತಾದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ನಿಂತಿದೆ. ನರ್ಮದೆಯ ಕಡೆಯ ರಾಜಾಸಾರಸ್ ಮಾಂಸ ತಿನ್ನುವಂಥದ್ದು, ಹಣೆಯ ಮೇಲೆ ಒಂದು ಮೊಟಕು ಕೊಂಬು. "ಒಂದೇನಾ?" ಅಂದ ಒಬ್ಬ. ನಾಲ್ಕು ಕೊಂಬಿನ ಊರಿನ ಮಕ್ಕಳು.

66 ಸೆಂಟಿಮೀಟರಿಗೆ ಡೈನೋಸಾರ್ ಪೂರ್ತಿ ಮುಗಿಯಿತು ಅಂದದ್ದಕ್ಕೆ ಒಂದು ತಿದ್ದುಪಡಿ ಇದೆ. ಅದಕ್ಕೆ ಪಕ್ಕದ ಮನೆಯ ಅಜ್ಜಿಯಿಂದ ಒಂದು ಜವಾರಿ ಕೋಳಿ ಇಸಿದುಕೊಂಡು ಬಂದೆವು. ರೆಕ್ಕೆ ಒತ್ತಿ ಹಿಡಿದುಕೊಂಡು ಅದರ ಕಾಲನ್ನು ಮಾತ್ರ ಮಕ್ಕಳಿಗೆ ತೋರಿಸಿದೆ. ಮೇಲೆ ಪುಕ್ಕ ಮುಗಿಯುವಲ್ಲಿಂದ ಕೆಳಗೆ ಹಲ್ಲಿ, ಹಾವಿನ ಮೈಯಂತೆ ಬಿಲ್ಲೆ ಬಿಲ್ಲೆ ಪೊರೆ. ಮುಂದೆ ಮೂರು ಬೆರಳು, ಹಿಂದೊಂದು ಚಿಕ್ಕದು, ತುದಿಗೆ ಕೊಕ್ಕೆ ಉಗುರು. ಎರಡೇ ಕಾಲಿನ ಮೇಲೆ, ಕತ್ತು ಮುಂದೆ ಮಾಡಿ ನಡೆಯುವ ಗತ್ತು. ಎದೆಯ ಮುಂದೆ ಕವೆಯಾಕಾರದ ಎಲುಬು ಇದೆಯಲ್ಲ, ಅದು ಟಿ. ರೆಕ್ಸ್‌ಗೂ ಇತ್ತು. ಚೀನಾದಲ್ಲಿ 1996ರಲ್ಲಿ ತುಪ್ಪಳದಂಥ ಪುಕ್ಕವಿದ್ದ ಡೈನೋಸಾರಿನ ಪಳೆಯುಳಿಕೆ ಸಿಕ್ಕ ಮೇಲೆ ಇದರಲ್ಲಿ ಹೆಚ್ಚಿನ ವಿಜ್ಞಾನಿಗಳಿಗೆ ಅನುಮಾನ ಉಳಿದಿಲ್ಲ: ಹಕ್ಕಿಗಳು ಡೈನೋಸಾರಿನ ವಂಶದವು, ಆ ಮನೆತನದಲ್ಲಿ ಉಳಿದ ಒಂದೇ ಕವಲು. ಕೋಳಿ ಹಳದಿ ಕಣ್ಣನ್ನು ಒಂದೇ ಪಕ್ಕದಿಂದ ತಿರುಗಿಸಿ ಮಕ್ಕಳನ್ನು ನೋಡಿತು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆ ಬಟ್ಟೆಯ ಚೂರನ್ನು ಬಿಚ್ಚಿ ಹಗ್ಗದ ತುದಿಯವರೆಗೂ ತಂದು ಕಟ್ಟಿದೆವು.

ಅದೇ ಹಗ್ಗ ವಾಸುಕಿಯೂ ಆಯಿತು. ಸಮುದ್ರಮಥನದ ವಾಸುಕಿ ನಮ್ಮ ಮಕ್ಕಳಿಗೆ ಬಯಲಾಟದಿಂದಲೋ ಅಜ್ಜಿಯ ಬಾಯಿಂದಲೋ ಗೊತ್ತು. 2024ರಲ್ಲಿ ಒಂದು ಪಳೆಯುಳಿಕೆ ಹಾವಿಗೆ ವಾಸುಕಿ ಇಂಡಿಕಸ್ ಅಂತ ಹೆಸರಿಟ್ಟರು. ಕಚ್ಛದ ಪಾನಂಧ್ರೋ ಲಿಗ್ನೈಟ್ ಗಣಿಯಲ್ಲಿ ಸಿಕ್ಕ 27 ಬೆನ್ನುಮೂಳೆಗಳಿಂದ ಲೆಕ್ಕ ಹಾಕಿದರೆ ಉದ್ದ 11ರಿಂದ 15 ಮೀಟರ್ ಇದ್ದಿರಬೇಕು, ಕಾಲ 4.7 ಕೋಟಿ ವರ್ಷದ ಹಿಂದೆ. ಹಗ್ಗದ ಅರ್ಧದಷ್ಟು ಹಾವು! ಹದಿನಾಲ್ಕು ಮಕ್ಕಳು ಸಾಲಾಗಿ ಹಿಡಿದು ನಿಂತು ಮೈದಾನದ ತುಂಬ ಹರಿದಾಡಿದರು. ಅವರಿಗೆ ಅದರ ಉದ್ದ ಇಷ್ಟ. ನನಗೆ ಇಷ್ಟವಾದದ್ದು ಬೇರೆ. ಆ ಮೂಳೆಗಳು ಸಿಕ್ಕಿದ್ದು 2005ರಲ್ಲಿ. ಯಾವುದೋ ಮೊಸಳೆಯದ್ದಿರಬೇಕು ಅಂತ ವರ್ಷಗಟ್ಟಲೆ ಹಾಗೇ ಇಟ್ಟಿದ್ದರು. ಮತ್ತೆ ತೆಗೆದು ನೋಡಿದಾಗಲೇ ವಾಸುಕಿ ಎದ್ದದ್ದು.

ಗುಜರಾತಿನ ಧೋಳಿ ಡುಂಗ್ರಿಯ ಕಲ್ಲಿನದೂ ಅದೇ ಕಥೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಧನಂಜಯ ಮೊಹಬೆ 1980ರ ದಶಕದಲ್ಲಿ ಡೈನೋಸಾರಿನ ಗೂಡು ಕಂಡರು. ಮೊಟ್ಟೆಗಳು, ಅರ್ಧ ಮೀಟರಿನ ಒಂದು ಮರಿ. 2001ರಲ್ಲಿ ಅಮೆರಿಕದ ಜೆಫ್ರಿ ವಿಲ್ಸನ್ ಆ ಕಲ್ಲನ್ನು ನೋಡಿದಾಗ, ಮರಿಯ ಪಕ್ಕದಲ್ಲಿರುವ ಕೆಲವು ಮೂಳೆ ಹಾವಿನವು ಅಂತ ಗೊತ್ತಾಯಿತು. ಮೂರೂವರೆ ಮೀಟರಿನ ಹಾವು, ಒಡೆದ ಮೊಟ್ಟೆಯನ್ನು ಸುತ್ತಿಕೊಂಡು, ಆಗಷ್ಟೇ ಹೊರಬಂದ ಮರಿಗೆ ಬಾಯಿ ಹಾಕುವ ಹೊತ್ತಿಗೆ ಕೆಸರು ಜಾರಿ ಎಲ್ಲವನ್ನೂ ಮುಚ್ಚಿತ್ತು. 6.7 ಕೋಟಿ ವರ್ಷದ ಹಿಂದಿನ ಒಂದು ನಿಮಿಷ. ಆ ಹಾವಿಗೆ 2010ರಲ್ಲಿ ಸನಾಜೆ ಅಂತ ಹೆಸರಾಯಿತು. ಕಲ್ಲಿನಲ್ಲಿ ಹಾವು ಮೊದಲಿನಿಂದಲೂ ಇತ್ತು.

ಕೊನೆಯಲ್ಲಿ ಮನುಷ್ಯ ಎಲ್ಲಿ ಅಂತ ಕೇಳಿದರು. ನಮ್ಮ ಜಾತಿಗೆ ಸುಮಾರು 3 ಲಕ್ಷ ವರ್ಷ. ಹಗ್ಗದ ತುದಿಯಲ್ಲಿ 3 ಮಿಲಿಮೀಟರು, ಒಂದು ಎಳೆ ಬಿಚ್ಚಿಕೊಂಡು ನಿಂತ ಜಾಗದಷ್ಟು. ಚಾರ್ಟಿನ ಕೂದಲಾನೆ ಮನುಷ್ಯನ ಜತೆ ಇದ್ದದ್ದು ಮಾತ್ರ ಸರಿ. ರಷ್ಯಾದ ಉತ್ತರಕ್ಕಿರುವ ರಾಂಗೆಲ್ ದ್ವೀಪದಲ್ಲಿ ಸುಮಾರು 4,000 ವರ್ಷದ ಹಿಂದಿನವರೆಗೂ ಇತ್ತು, ಈಜಿಪ್ಟಿನವರು ಗೀಜಾದ ದೊಡ್ಡ ಪಿರಮಿಡ್ಡನ್ನು ಅಷ್ಟರಲ್ಲಿ ಕಟ್ಟಿ ಮುಗಿಸಿದ್ದರು. ಡೈನೋಸಾರಿನ ಮೇಲೆ ಈಟಿ ಎಸೆದ ಮನುಷ್ಯ ಎಲ್ಲೂ ಇಲ್ಲ. ಮೆಟ್ಟಿಲ ಹತ್ತಿರ ಅಷ್ಟೂ ಮಕ್ಕಳು ಬಗ್ಗಿ ಆ 3 ಮಿಲಿಮೀಟರನ್ನು ನೋಡಿದರು. ಬೇಲಿ ಹತ್ತಿರದ ಹುಡುಗಿಯೂ ತುದಿಯನ್ನು ಕಲ್ಲಿನ ಕೆಳಗಿಟ್ಟು ಓಡಿ ಬಂದಳು.

ಈಗ ನಮ್ಮ ಶಾಲೆಯಲ್ಲಿ ಒಂದು ದಪ್ಪ ನೋಟ್‌ಬುಕ್ಕಿದೆ. ಮೇಲೆ "ಕಂಡಿದ್ದು" ಅಂತ ಬರೆದಿದೆ. ತಾರೀಖು, ಯಾರು ಕಂಡರು, ಎಲ್ಲಿ, ಏನು. ಮಕ್ಕಳ ಮಾತನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳುತ್ತೇವೆ, ತಿದ್ದುವುದಿಲ್ಲ. ಸುಳ್ಳು ಅನ್ನೋಕೆ ಮೊದಲು ಹೋಗಿ ನೋಡಬೇಕು ಅನ್ನುವುದೊಂದೇ ಷರತ್ತು, ಅದು ಟೀಚರಿಗೂ. ಹೆಚ್ಚಿನವು ಮುಂಗುಸಿ, ನವಿಲು, ಮುಳ್ಳುಹಂದಿಯ ಮುಳ್ಳು. ನಕ್ಷತ್ರ ಆಮೆ ಎರಡು ಸಲ. ಒಂದು ಕಡೆ ಹೀಗಿದೆ: "ನಮ್ಮಪ್ಪ ಮೋಟ್ರು ಹಾಕಕ್ಕೆ ಹೋದಾಗ ಬ್ಯಾಟ್ರಿ ಬಿಡ್ತು. ಮೈಯೆಲ್ಲಾ ಬಿಲ್ಲೆ. ಉಂಡೆ ಆತು." ಚಿಪ್ಪುಹಂದಿ. ಬಾಯಲ್ಲಿ ಒಂದೂ ಹಲ್ಲಿಲ್ಲ, ಅಂಟು ನಾಲಿಗೆಯಿಂದ ಹೆಚ್ಚಾಗಿ ತಿನ್ನೋದು ಇರುವೆ ಗೆದ್ದಲನ್ನೇ, ಹೆದರಿದರೆ ಉಂಡೆಯಾಗೋದೇ ಅದರ ಮುಖ್ಯ ಉಪಾಯ. ಚಿರತೆಯ ಹಲ್ಲಿನಿಂದ ಅದು ಕಾಪಾಡುತ್ತೆ, ಚೀಲ ಹಿಡಿದು ಬಂದ ಮನುಷ್ಯನಿಂದ ಕಾಪಾಡಲ್ಲ. ಉಂಡೆಯನ್ನು ಎತ್ತಿ ಹಾಕಿಕೊಂಡರಾಯಿತು. ಚಿಪ್ಪಿನಲ್ಲಿ ಔಷಧಿ ಇದೆ ಅಂತ ಕದ್ದು ಮಾರುತ್ತಾರೆ. ಅದು ನಮ್ಮ ಉಗುರಿನಲ್ಲಿರುವ ವಸ್ತುವೇ. ಆ ದಿನ ಎಲ್ಲಾ ಮಕ್ಕಳಿಗೂ ಬೆರಳು ಚಾಚಿಸಿ ಅವರವರ ಉಗುರನ್ನೇ ಮುಟ್ಟಿಸಿ ಇದನ್ನು ಹೇಳಿದೆ. ಜಾಗದ ಹೆಸರನ್ನು ಮಾತ್ರ ನೋಟ್‌ಬುಕ್ಕಿನಿಂದ ಅಳಿಸಿದೆ. ಅಳಿಸಿದ್ದು ಅದೊಂದೇ.

ಕೊಂಡುಕುರಿಯನ್ನು ಇಷ್ಟು ವರ್ಷದಲ್ಲಿ ನಾನು ಕಂಡದ್ದು ಎರಡು ಸಲ, ಎರಡೂ ಹೆಣ್ಣು. ಮೊದಲ ಸಲ ಅಜ್ಜನೇ ಕರೆದುಕೊಂಡು ಹೋಗಿದ್ದರು, ಬೇಸಿಗೆಯ ಬೆಳಗಿನ ಜಾವ, ನೀರಿನ ಗುಂಡಿಯ ಹತ್ತಿರ. ಮುಂಗಾಲೆತ್ತಿ ನಿಂತಿತ್ತು. ಕಿವಿ ನಮ್ಮ ಕಡೆ ತಿರುಗಿತು, ಮೈ ತಿರುಗಲಿಲ್ಲ. ಆಮೇಲೆ ಬಿಸಿ ನೆಲದ ಮೇಲೆ ಹೆಜ್ಜೆ ಇಟ್ಟ ಹಾಗೆ ಒಂದೊಂದೇ ಕಾಲನ್ನು ಎತ್ತಿ ಎತ್ತಿ ಇಡುತ್ತಾ ಕಾರೆ ಪೊದೆಯೊಳಗೆ ಹೋಯಿತು. ಒಂದು ಎಲೆಯೂ ಅಲ್ಲಾಡಲಿಲ್ಲ. ಅಜ್ಜ ಈಗಿಲ್ಲ.

ಮೊನ್ನೆ ಬುಧವಾರ ನಾಲ್ಕನೇ ಕ್ಲಾಸಿನ ಹುಡುಗಿ ಬರೆಸಿದ್ದು: "ತೋಪಿನ ಹುಣಸೆಮರದಾಗೆ ರಾತ್ರಿ ಏನೋ ಐತೆ. ಕಣ್ಣು ಬಟ್ಟಲಷ್ಟು ಐತೆ. ಬಾಲ ಇಲ್ಲ. ಕೈ ನಮ್ ಕೈ ಥರ ಐತೆ." ಪಕ್ಕದಲ್ಲಿ ಪೆನ್ಸಿಲಿನಲ್ಲಿ ಎರಡು ದೊಡ್ಡ ಸೊನ್ನೆ. ಕ್ಲಾಸಿನಲ್ಲಿ ಒಬ್ಬಿಬ್ಬರು ದೆವ್ವ ಅಂದರು. ಗೂಬೆ ಇರಬಹುದು. ಕೈ ಅಂದಳಲ್ಲ, ಹಾಗಾಗಿ ನನಗೆ ಕಾಡುಪಾಪ ಅಂತ ಆಸೆ. ಟಾರ್ಚಿನ ಬಾಯಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ ಇಟ್ಟಿದ್ದೇನೆ, ಅದರ ಕಣ್ಣಿಗೆ ಚುಚ್ಚಬಾರದು ಅಂತ. ನಾಳೆ ಕೊನೆಯ ಬಸ್ಸು ಬಿಟ್ಟು ಅಲ್ಲೇ ಉಳಿಯುತ್ತೇನೆ. ಹುಡುಗಿಯ ಅಪ್ಪ ಏಳು ಗಂಟೆಗೆ ತೋಪಿನ ಹತ್ತಿರ ಬರ್ತೀನಿ ಅಂದಿದ್ದಾರೆ.